ಜ್ವರದಮ್ಮನ ಆರೋಗ್ಯವಂತರು

ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಜ್ವರದಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಓಡಾಡಿಕೊಂಡಿದ್ದಳು. ಊರಿನ ಯಾವ ಮೂಲೆಯಲ್ಲಿ ಯಾರ ಮೈ ಬಿಸಿಯಾದರೂ ಮೊದಲು ತಿಳಿಯಬೇಕಾದದ್ದು ಅವಳಿಗೆ. ಬೆಳಿಗ್ಗೆ ಬಂದವಳು ಬಿಳಿ ಕೋಟು ತೊಡುವ ಮೊದಲೇ ಫೋನಿಗೆ ಕೈ ಹಾಕುವಳು. ಒಂದೊಂದೇ ಚಿಕಿತ್ಸಾಲಯಕ್ಕೆ ಕರೆ ಮಾಡಿ, "ಏನಮ್ಮಾ, ನಿಮ್ಮ ಕಡೆ ಜ್ವರ ಹೇಗಿದೆ?" ಎಂದು ನೆಂಟರನ್ನು ವಿಚಾರಿಸುವ ಧಾಟಿಯಲ್ಲಿ ಕೇಳುವಳು. ಒಬ್ಬ ತಲೆಹರಟೆ ನರ್ಸು, "ಜ್ವರ ಚೆನ್ನಾಗಿದೆ ಮೇಡಂ, ನಿಮ್ಮನ್ನ ಕೇಳ್ತಿತ್ತು" ಎಂದು ಉತ್ತರ ಕೊಟ್ಟಿದ್ದೂ ಉಂಟು.

ನಗುವ ಕೆಲಸವಂತೂ ಅಲ್ಲ. ಒಂದೇ ಬೀದಿಯಲ್ಲಿ ನಾಲ್ಕಾರು ಜನ ಮಲಗಿದರೆಂದು ಸುದ್ದಿ ಬಂದರೆ ಸಾಕು, ಮಂಜುಗಡ್ಡೆಯ ಪೆಟ್ಟಿಗೆ ಹೆಗಲಿಗೇರಿಸಿ ಹೊರಟೇಬಿಡುವಳು. ಮನೆಮನೆಗೆ ಹೋಗಿ, ಅಳುವ ಮಕ್ಕಳನ್ನು ರಮಿಸಿ, ಬೈಯುವ ಮುದುಕರ ಬೈಗುಳ ತಿಂದು, ರಕ್ತ ತಂದು ಪರೀಕ್ಷೆ ಮಾಡುವಳು. ಇಡೀ ಊರಿಗೇ ಹಬ್ಬುವ ಆ ಕೆಟ್ಟ ಜ್ವರವೋ ಇದು, ಅಲ್ಲವೋ? ಬಹಳ ಸಲ ಅಲ್ಲ ಎಂದೇ ಬರುತ್ತಿತ್ತು. ಹೌದು ಎಂದು ಬಂದಾಗ ಆ ಬೀದಿಯನ್ನು ಅಲ್ಲಿಂದಲ್ಲಿಗೇ ಸುತ್ತುಗಟ್ಟಿ, ಜ್ವರ ಮುಂದಿನ ಬೀದಿಗೆ ಕಾಲಿಡದಂತೆ ನೋಡಿಕೊಳ್ಳುವಳು. ಆಮೇಲೆ ಏನೂ ಆಗುತ್ತಿರಲಿಲ್ಲ. ಏನೂ ಆಗದಿರುವುದೇ ಅವಳ ದುಡಿಮೆಯ ಫಲ. ಆದರೆ ಏನೂ ಆಗಲಿಲ್ಲ ಎಂದು ಬರೆದುಕೊಟ್ಟರೆ ಯಾವ ಪತ್ರಿಕೆಯವರು ಅಚ್ಚು ಹಾಕುತ್ತಾರೆ ಹೇಳಿ! ಹಾಗಾಗಿ ಅಷ್ಟು ವರ್ಷ ಮೈಮುರಿದು ದುಡಿದರೂ ಜ್ವರದ ಬಗ್ಗೆ ಅವಳ ಹೆಸರಿನಲ್ಲಿ ಬಂದ ಪ್ರಬಂಧಗಳನ್ನು ಎಣಿಸಲು ಒಂದು ಕೈ ಸಾಕಿತ್ತು.

ಹಾಗೆಂದು ಅವಳ ಪ್ರಬಂಧಗಳು ಕಡಿಮೆ ಎಂದುಕೊಳ್ಳಬೇಡಿ. ಅಲ್ಲೇ ಇರುವುದು ಮಜಾ. ಅವಳ ಪ್ರಯೋಗಾಲಯ ಮೇಲಿನ ಮಹಡಿಯಲ್ಲಿ. ನೆಲಮಹಡಿಯಲ್ಲಿ ಇನ್ನೊಂದು ಪ್ರಯೋಗಾಲಯ, ಅದರ ಯಜಮಾನ ಸ್ಟೆರಾಯ್ಡುಗಳ ಜೀವರಸಾಯನ ಅರೆದು ಕುಡಿದವನು. ಸ್ಟೆರಾಯ್ಡು ಎಂದೊಡನೆ ತೋಳು ಉಬ್ಬಿಸಿದ ಪೈಲ್ವಾನರನ್ನು ನೆನೆಯಬೇಕಾಗಿಲ್ಲ. ನಮ್ಮ ನಿಮ್ಮ ಮೈಯೇ ದಿನಾ ಬೆಳಿಗ್ಗೆ ಎದ್ದು ತಯಾರಿಸಿಕೊಳ್ಳುವ ಪದಾರ್ಥ ಅದು. ಆತನಿಗೆ ಎಲ್ಲರೂ ಇಟ್ಟ ಹೆಸರು ಕೆಳಮನೆ ಮೇಷ್ಟ್ರು. ಮೇಷ್ಟ್ರಿಗೆ ಜ್ವರದ ಭಯ, ಮೇಲೆ ಹತ್ತುತ್ತಿರಲಿಲ್ಲ. ಜ್ವರದಮ್ಮನಿಗೆ ಕೆಳಗಿನ ರಾಸಾಯನಿಕಗಳ ವಾಸನೆಗೆ ತಲೆನೋವು, ಇಳಿಯುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಉಳಿದ ರಕ್ತದ ತಿಳಿಯನ್ನು ಚೆಲ್ಲುವುದೇಕೆ ಎಂದು ಅವಳು ಡಬ್ಬಿಗಳಲ್ಲಿ ಜೋಡಿಸಿ ಲಿಫ್ಟಿನಲ್ಲಿ ಕೆಳಗೆ ಕಳಿಸುವಳು. ಮೇಷ್ಟ್ರು ಅದರಲ್ಲಿ ಹಾರ್ಮೋನು ಅಳೆದು ಪ್ರಬಂಧ ಬರೆದು ಮೇಲೆ ಕಳಿಸುವರು.

ಆ ಸಂಸ್ಥೆಯಲ್ಲಿ ಮೊದಲಿನಿಂದ ಒಂದು ಪದ್ಧತಿ. ರಕ್ತ ತಂದವರ ಹೆಸರು ಪ್ರಬಂಧದಲ್ಲಿ ಇರಲೇಬೇಕು. ಮೇಷ್ಟ್ರು ಈ ವಿಷಯದಲ್ಲಿ ಬಲು ನಿಯತ್ತಿನ ಮನುಷ್ಯ, ಒಮ್ಮೆಯೂ ಅವಳ ಹೆಸರು ಬಿಟ್ಟವರಲ್ಲ. ಅವಳೂ ಅಷ್ಟೇ ನಿಯತ್ತಿನಿಂದ ಒಮ್ಮೆಯೂ ಓದದೆ, "ಒಪ್ಪಿಗೆ" ಎಂದು ಸಹಿ ಹಾಕಿ ಕಳಿಸಿದವಳು. ಮೇಷ್ಟ್ರು ದೊಡ್ಡ ವಿದ್ವಾಂಸರು, ಅವರು ಬರೆದದ್ದರಲ್ಲಿ ತಾನೇನು ಕೆದಕುವುದು ಎಂಬ ಗೌರವ. ಜೊತೆಗೆ, ಸುಳ್ಳೇಕೆ, ಸ್ವಲ್ಪ ಸೋಮಾರಿತನ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಆದರೆ ಜ್ವರ ನಿಗಾ ವಿಭಾಗದ ಹಳೆಯ ಮುಖ್ಯಸ್ಥರು ನಿವೃತ್ತರಾದರು. ಆ ಕುರ್ಚಿ ತನಗೇ ಬರುತ್ತದೆ ಎಂದು ಜ್ವರದಮ್ಮ ನಂಬಿಕೊಂಡಿದ್ದಳು. ಬೇರೆ ಯಾರಿಗೆ ಬರಬೇಕು ಮತ್ತೆ? ಸಂದರ್ಶನಕ್ಕೆ ಕರೆಯೂ ಬಂತು. ಅದರ ಹಿಂದೆಯೇ ಕಚೇರಿಯ ಗುಮಾಸ್ತ ಫೋನು ಮಾಡಿ ರಾಗ ಎಳೆದ. "ಮೇಡಂ, ನಿಮ್ಮ ಪ್ರಬಂಧಗಳನ್ನ ನೋಡಿ ಸಮಿತಿಯವರು ತಲೆ ಕೆರ್ಕೊಳ್ತಾ ಇದ್ದಾರೆ. ಈಯಮ್ಮ ಜ್ವರದೋರೋ ಹಾರ್ಮೋನಿನೋರೋ ಅಂತ. ಮೊದಲನೇ ಪ್ರಶ್ನೆ ಅದೇ ಕೇಳ್ತಾರಂತೆ. ಸ್ವಲ್ಪ ತಯಾರಾಗಿ ಬನ್ನಿ."

ಅವಳು ಕಂಪ್ಯೂಟರಿನಲ್ಲಿ ತನ್ನದೇ ಹೆಸರು ಬರೆದು ಹುಡುಕಿದಳು. ಪುಟದ ಮೇಲೆ ಪುಟ ಇಳಿಯುತ್ತಾ ಹೋಯಿತು, ಎಲ್ಲಾ ಸ್ಟೆರಾಯ್ಡೇ. ಎಲ್ಲಕ್ಕಿಂತ ಮೇಲೆ ಕೂತಿದ್ದದ್ದು, ಹೆಚ್ಚು ಜನ ಉಲ್ಲೇಖಿಸಿದ್ದು ಎಂಬ ಹೆಗ್ಗಳಿಕೆಯ ಪ್ರಬಂಧ: ಆರೋಗ್ಯವಂತರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಸಹಜ ಮಟ್ಟ. ಮೊದಲ ಪುಟ ಓದಿದಳು, ತಲೆಬುಡ ತಿಳಿಯಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಊಹೂಂ. ತಾನೇ ಬರೆದದ್ದು ತನಗೇ ಅರ್ಥವಾಗುತ್ತಿಲ್ಲವಲ್ಲ, ಸಮಿತಿಯ ಎದುರು ಏನೆಂದು ಬಾಯಿ ಬಿಡುವುದು? ಕೊನೆಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಮೆಟ್ಟಿಲಿಳಿದಳು.

"ಮೇಷ್ಟ್ರೇ, ನನ್ನ ಪ್ರಬಂಧವನ್ನ ನನಗೆ ಸ್ವಲ್ಪ ಅರ್ಥ ಮಾಡಿಸ್ತೀರಾ?"

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಇಷ್ಟು ವರ್ಷದಲ್ಲಿ ಅವರನ್ನು ಒಬ್ಬರೂ ಹಾಗೆ ಕೇಳಿರಲಿಲ್ಲ. ಕುರ್ಚಿಯ ಮೇಲಿನ ಕಾಗದ ತೆಗೆದು, ಒರೆಸಿ, ಕೂರಿಸಿದರು. "ನೋಡಿ, ಮೂತ್ರಪಿಂಡದ ನೆತ್ತಿ ಮೇಲೆ ಟೋಪಿ ಹಾಗೆ ಒಂದು ಗ್ರಂಥಿ ಇದೆ. ಅದು ಈ ಹಾರ್ಮೋನು ಮಾಡತ್ತೆ. ಇದು ತೀರಾ ಕಡಿಮೆಯಾದ್ರೆ ಮನುಷ್ಯ ಏಳಕ್ಕೇ ಆಗಲ್ಲ, ಹಾಸಿಗೆ ಹಿಡೀತಾನೆ. ಎಷ್ಟಿದ್ರೆ ಸರಿ, ಎಷ್ಟಕ್ಕಿಂತ ಕಡಿಮೆ ಆದ್ರೆ ಕಾಯಿಲೆ ಅಂತ ಒಂದು ಗೆರೆ ಬೇಕಲ್ಲ? ಆ ಗೆರೆ ಎಳೆದಿದ್ದು ನಾವು. ನಾನು, ನೀವು. ವಿಚಿತ್ರ ಏನು ಗೊತ್ತಾ, ನಮ್ಮೂರಿನವರಿಗೆ ಬೇರೆಯವರಿಗಿಂತ ಜಾಸ್ತಿ ಇದೆ! ಅದಕ್ಕೇ ಅಷ್ಟು ಹೆಸರಾಯ್ತು. ಈಗ ಊರಿನ ಎಲ್ಲ ಆಸ್ಪತ್ರೆಯವರೂ ನಮ್ಮ ಗೆರೆಯನ್ನೇ ಬಳಸೋದು."

"ಭೇಷ್," ಎಂದಳು ಜ್ವರದಮ್ಮ. ನಿಜಕ್ಕೂ ಖುಷಿಯಾಗಿತ್ತು. ಸಂದರ್ಶನದಲ್ಲಿ ಹೇಳಲು ಚೆನ್ನಾಗಿದೆ ಎಂದುಕೊಂಡು ಮಾತು ಬೆಳೆಸಿದಳು. "ಅಷ್ಟೊಂದು ಆರೋಗ್ಯವಂತರನ್ನ ಎಲ್ಲಿಂದ ಹಿಡಿದು ತಂದ್ರಿ ಮೇಷ್ಟ್ರೇ? ಆರೋಗ್ಯವಾಗಿರೋರು ಸೂಜಿ ಅಂದ್ರೆ ಓಡಿಹೋಗ್ತಾರೆ."

"ಎಲ್ಲಿಂದ ಅಂದ್ರೆ? ನೀವೇ ಕಳಿಸಿದ್ದು."

"ನಾನಾ? ನನ್ನ ಹತ್ರ ಆರೋಗ್ಯವಂತರು ಎಲ್ಲಿದ್ದಾರೆ? ನನ್ನ ಹತ್ರ ಇರೋರೆಲ್ಲ ಜ್ವರದೋರು!"

"ತಮಾಷೆ ಮಾಡ್ಬೇಡಿ. ಜ್ವರದ ಡಬ್ಬಿಗಳನ್ನ ನಾನು ಮುಟ್ಟೇ ಇಲ್ಲ. ಪರೀಕ್ಷೇಲಿ ಜ್ವರ ಇಲ್ಲ ಅಂತ ಬಂದಿತ್ತಲ್ಲ, ಆ ಡಬ್ಬಿಗಳನ್ನ ಮಾತ್ರ ತಗೊಂಡಿದ್ದು."

ಜ್ವರದಮ್ಮ ಕಣ್ಣು ಕಣ್ಣು ಬಿಟ್ಟಳು. "ಇಲ್ಲ ಅಂದ್ರೆ ನಾನು ಹುಡುಕ್ತಿದ್ದ ಆ ಒಂದು ಜ್ವರ ಇಲ್ಲ ಅಂತ, ಮೇಷ್ಟ್ರೇ. ಬೇರೆ ಯಾವ್ದೋ ಜ್ವರ ಇತ್ತು. ಮೈ ಕೆಂಡದ ಹಾಗೆ ಸುಡ್ತಿದ್ರೇನೇ ನಾನು ರಕ್ತ ತೆಗೆಯೋದು. ಸುಮ್ನೆ ಹೋಗೋರನ್ನ ನಿಲ್ಸಿ ತೆಗೆಯೋಕೆ ನನಗೇನು ಹುಚ್ಚಾ?"

ಮೇಷ್ಟ್ರ ಮುಖ ಹುಳ್ಳಗಾಯಿತು. ಯಾವುದೋ ಯಂತ್ರದ ಗುಂಡಿ ಒತ್ತಿದರು, ಮತ್ತೆ ಆರಿಸಿದರು. "ಜ್ವರ ಬಂದ್ರೆ ಈ ಹಾರ್ಮೋನು ಏರತ್ತೆ," ಎಂದರು ಮೆಲ್ಲಗೆ. "ಎರಡು ಪಟ್ಟು, ಮೂರು ಪಟ್ಟು. ಅದು ಪುಸ್ತಕದಲ್ಲೇ ಇದೆ."

"ನನಗೆ ಗೊತ್ತಿರ್ಲಿಲ್ಲ."

"ಅವರಿಗೆ ಜ್ವರ ಇತ್ತು ಅಂತ ನನಗೆ ಗೊತ್ತಿರ್ಲಿಲ್ಲ."

ಇಬ್ಬರೂ ಓದಿದವರೇ, ಇಬ್ಬರೂ ಕೆಲಸದಲ್ಲಿ ಕಳ್ಳರಲ್ಲ. ನಡುವೆ ಇದ್ದದ್ದು ಒಂದು ಸಾಲು ಮೆಟ್ಟಿಲು. ಯಾರಾದರೂ ಒಬ್ಬರು ಒಮ್ಮೆ ಹತ್ತಿಯೋ ಇಳಿದೋ "ಇದು ಯಾರ ರಕ್ತ?" ಎಂದು ಕೇಳಿದ್ದರೆ ಮುಗಿದೇಹೋಗುತ್ತಿತ್ತು. ಕೇಳಲಿಲ್ಲ! ಮೈ ಪರಚಿಕೊಳ್ಳುವ ಹಾಗೆ ಆಗುತ್ತದೆ ಇಂಥದನ್ನು ಹೇಳುವಾಗ.

ಮೊದಲಿಗೆ ಜ್ವರದಮ್ಮನಿಗೆ ಸಂದರ್ಶನದ ಚಿಂತೆಯೇ ತಲೆಯಲ್ಲಿತ್ತು. ಇದ್ದ ಒಂದು ದೊಡ್ಡ ಪ್ರಬಂಧವೂ ಗೋತಾ ಹೊಡೆಯಿತಲ್ಲ ಎಂದು ಮೆಟ್ಟಿಲು ಹತ್ತತೊಡಗಿದಳು. ಅರ್ಧಕ್ಕೆ ಬಂದಾಗ ಇನ್ನೊಂದು ಹೊಳೆಯಿತು. ಗೆರೆಯನ್ನು ಜ್ವರದವರ ಮೇಲೆ ಎಳೆದಿದ್ದರೆ ಅದು ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿದೆ. ಹಾಗಿದ್ದರೆ ಸುಮ್ಮನೆ ಆರೋಗ್ಯವಾಗಿದ್ದವರೂ ಅದರ ಕೆಳಗೇ ಬೀಳುತ್ತಾರೆ. ಕಡಿಮೆ ಇದೆ, ಗ್ರಂಥಿ ಸೋತಿದೆ, ಮಾತ್ರೆ ನುಂಗಿ ಎಂದು ಅವರಿಗೆ ಹೇಳುತ್ತಾರೆ. ಅಕ್ಕನಿಗೆ ಹೇಳಿದ್ದೂ ಅದನ್ನೇ.

ಅವಳಿಗೆ ಇದ್ದದ್ದು ಒಬ್ಬಳೇ ಅಕ್ಕ. ಇಬ್ಬರೂ ಒಂದೇ ಮನೆಯಲ್ಲಿ ಇದ್ದವರು. ಅಮ್ಮ ಬೇಗ ಹೋದಳು, ತಂಗಿಯನ್ನು ಓದಿಸಿದ್ದು ಅಕ್ಕನ ಹೊಲಿಗೆ ಮಿಷನ್ನು. ಆಮೇಲೆ ಅಪ್ಪ ಹಾಸಿಗೆ ಹಿಡಿದರು, ಹಿಡಿದವರು ವರ್ಷಗಟ್ಟಲೆ ಬಿಡಲಿಲ್ಲ. ಅವರನ್ನು ಎತ್ತಿ ಇಳಿಸಿ, ತೊಳೆದು ಒರೆಸಿ ಎಲ್ಲ ಮಾಡಿದ್ದು ಅಕ್ಕನೇ. ತಂಗಿ ಊರಿನ ಜ್ವರ ಹಿಡಿಯುವುದರಲ್ಲಿ ಮುಳುಗಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಕ್ಕ ಯಾಕೋ ಕುಗ್ಗಿದಳು. ಬೆಳಿಗ್ಗೆ ಏಳಲಾರಳು, ಹೊಲಿಯಲು ಕೂತರೆ ಅರ್ಧ ಸೀರೆಯ ಅಂಚಿಗೇ ಕೈ ಸೋಲುವುದು. ತಂಗಿಯೇ ಪರೀಕ್ಷೆ ಮಾಡಿಸಿದಳು. ಸಂಖ್ಯೆ ಗೆರೆಗಿಂತ ಕಡಿಮೆ ಬಂತು. ಬಡಾವಣೆಯ ವೈದ್ಯರು ಇನ್ನೊಂದು ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳಬಹುದಿತ್ತು, ಮಾಡಲಿಲ್ಲ. ಸ್ಟೆರಾಯ್ಡ್ ಮಾತ್ರೆ ಬರೆದುಕೊಟ್ಟರು. ಅಕ್ಕ ಮೂಗು ಮುರಿದಾಗ, "ಆ ಸಂಖ್ಯೆ ನಮ್ಮ ಸಂಸ್ಥೆಯದ್ದೇ ಕಣೇ, ಸುಳ್ಳಾಗಲ್ಲ" ಎಂದು ಹೆಮ್ಮೆಯಿಂದ ನೀರಿನ ಲೋಟ ಕೈಗೆ ಕೊಟ್ಟವಳೂ ತಂಗಿಯೇ.

ಅಂದಿನಿಂದ ಅಕ್ಕ ತಪ್ಪದೆ ನುಂಗುತ್ತಿದ್ದಾಳೆ. ಮುಖ ದುಂಡಗೆ ಊದಿಕೊಂಡಿತು. ನೋಡಿದವರೆಲ್ಲ ಮೈಕೈ ತುಂಬಿಕೊಂಡಿದ್ದೀಯ ಎಂದರು. ಆಮೇಲೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಹೋದ ವರ್ಷ ಬಚ್ಚಲಲ್ಲಿ ಸುಮ್ಮನೆ ಕೈ ಊರಿದ್ದಕ್ಕೆ ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಹೊಲಿಗೆ ನಿಂತುಹೋಯಿತು.

ಆದರೆ ಇಲ್ಲೇ ಜ್ವರದಮ್ಮನ ತಲೆ ಗಿರ್ರೆಂದಿದ್ದು. ಮಾತ್ರೆ ಶುರು ಮಾಡಿದ ಮೊದಲ ವಾರವೇ ಅಕ್ಕ ಚುರುಕಾಗಿದ್ದು ನಿಜ. ಹಾಡಿಕೊಂಡು ಕಿಟಕಿ ಗಾಜು ತೊಳೆದದ್ದನ್ನು ಇವಳೇ ಕಣ್ಣಾರೆ ಕಂಡಿದ್ದಾಳೆ. ಕಾಯಿಲೆ ಇರದಿದ್ದರೆ ಮಾತ್ರೆಗೆ ಹುಷಾರಾದದ್ದು ಹೇಗೆ? ಕಾಯಿಲೆ ಇದ್ದದ್ದೇ ಆದರೆ ಗೆರೆ ತಪ್ಪಾದದ್ದು ಹೇಗೆ? ಯಾವ ಕಡೆಯಿಂದ ಎಳೆದರೂ ಗಂಟು ಬಿಗಿಯಾಗುತ್ತಿತ್ತೇ ಹೊರತು ಬಿಚ್ಚುತ್ತಿರಲಿಲ್ಲ. ಮನೆಗೆ ಹೋಗಿ ಅಕ್ಕನ ಮುಖ ನೋಡಿದಳು, ಬಾಯಿ ತೆರೆದಳು, "ಚಹಾ ಇದ್ಯಾ?" ಎಂದು ಕೇಳಿ ಮುಚ್ಚಿಕೊಂಡಳು.

ಮರುದಿನ ಮೇಷ್ಟ್ರು ತಾವಾಗಿ ಮಹಡಿ ಹತ್ತಿ ಬಂದರು! ಕಣ್ಣು ಕೆಂಪಗಿತ್ತು, ನಿದ್ದೆ ಮಾಡಿದಂತಿರಲಿಲ್ಲ. "ನಾನು ಒಪ್ಪಲ್ಲ," ಎಂದರು ಮೊದಲಿಗೆ. "ಅರ್ಧ ಜನಕ್ಕೆ ಜ್ವರ ಬಿಟ್ಟಿದ್ದಿರಬಹುದು," ಎಂದರು. ಆಮೇಲೆ ನಿಟ್ಟುಸಿರು ಬಿಟ್ಟು, "ಸರಿ, ಅಳೆದೇ ನೋಡೋಣ. ಜ್ವರ ಇಲ್ದೇ ಇರೋರನ್ನ ಹುಡುಕಿ ಕೊಡಿ," ಎಂದರು. ಇಬ್ಬರೂ ಸೇರಿ ಸಂಸ್ಥೆಯವರನ್ನೇ ಬೆಳಿಗ್ಗೆ ಬಾಗಿಲಲ್ಲಿ ಹಿಡಿದರು. ಕಾವಲುಗಾರ, ಗುಮಾಸ್ತ, ಗಾಜು ತೊಳೆಯುವವಳು, ಲಿಫ್ಟಿನವನು. ನಿರ್ದೇಶಕರೂ ಅಂಗಿಯ ತೋಳು ಮಡಚಿ, ಬೇರೆ ಕಡೆ ಮುಖ ತಿರುಗಿಸಿ ರಕ್ತ ಕೊಟ್ಟರು. ಫಲಿತಾಂಶ ನೋಡಿದರೆ ಹೆಚ್ಚುಕಡಿಮೆ ಇಡೀ ಕಟ್ಟಡವೇ ಗೆರೆಯ ಕೆಳಗೆ. ಆ ಲೆಕ್ಕದಲ್ಲಿ ಕಾವಲುಗಾರ ಹಾಸಿಗೆಯಿಂದ ಏಳಲಾರದವನು. ಆ ಗಳಿಗೆಯಲ್ಲಿ ಅವನು ಮೇಷ್ಟ್ರಿಗಾಗಿ ಅನಿಲದ ಸಿಲಿಂಡರೊಂದನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ. ಮೇಷ್ಟ್ರು ಅವನನ್ನೇ ನೋಡುತ್ತಾ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು.

ಗೆರೆಯ ವಿಷಯ ತೀರ್ಮಾನವಾಯಿತು. ಅಕ್ಕನ ವಿಷಯ ಆಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಹಾರ್ಮೋನುಗಳನ್ನೇ ನೋಡುವ ಡಾಕ್ಟರಮ್ಮ ಇದ್ದರು. ಜ್ವರದಮ್ಮ ಅವರ ಮುಂದೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದಳು.

"ಹಾಗಾದ್ರೆ ಮಾತ್ರೆ ಇವತ್ತೇ ನಿಲ್ಲಿಸಿಬಿಡ್ಲಾ?"

"ಖಂಡಿತ ಬೇಡ!" ಡಾಕ್ಟರಮ್ಮ ಹೌಹಾರಿದರು. "ಇಷ್ಟು ವರ್ಷ ಹೊರಗಿನಿಂದ ಬರ್ತಾ ಇತ್ತಲ್ಲ, ಅವರ ಗ್ರಂಥಿ ಕೆಲಸ ಮಾಡೋದನ್ನೇ ಮರೆತಿರತ್ತೆ. ಒಂದೇ ಸಲಕ್ಕೆ ನಿಲ್ಲಿಸಿದ್ರೆ ಪ್ರಾಣಕ್ಕೇ ಕುತ್ತು ಬರತ್ತೆ. ಇಷ್ಟಿಷ್ಟೇ ಇಳಿಸ್ಕೊಂಡು ಬರಬೇಕು. ತಿಂಗಳುಗಟ್ಟಲೆ. ಆಮೇಲೆ ಗ್ರಂಥಿ ಏಳತ್ತೋ ಇಲ್ವೋ ನೋಡ್ಬೇಕು."

"ಏಳದೇ ಇದ್ರೆ?"

"ಜೀವ ಇರೋವರೆಗೂ ಮಾತ್ರೆ."

"ಅಂದ್ರೆ ಮೊದಲಿಂದ್ಲೂ ಕಾಯಿಲೆ ಇತ್ತು ಅಂತಾನಾ?"

"ಹಾಗೂ ಇರಬಹುದು. ಮಾತ್ರೆಯೇ ಕಾಯಿಲೆ ಮಾಡಿರಬಹುದು. ಈಗ ಎರಡನ್ನೂ ಬೇರೆ ಮಾಡಿ ಹೇಳೋಕೆ ಆಗಲ್ಲ."

"ಆದ್ರೆ ಮೊದಲು ಹುಷಾರಾದ್ಲಲ್ಲ ಡಾಕ್ಟ್ರೇ?"

"ಆ ಮಾತ್ರೆ ತಗೊಂಡ್ರೆ ನೀವೂ ಹುಷಾರಾಗ್ತೀರಿ, ನಾನೂ ಆಗ್ತೀನಿ. ಕೆಲವು ದಿನ," ಎಂದರು ಡಾಕ್ಟರಮ್ಮ.

ಸಂದರ್ಶನದ ದಿನ ಬಂತು. ಅವಳ ಸೋತ ಮೋರೆ ನೋಡಿ ಸಮಿತಿಯವರು ಹೆದರಿದ್ದಾಳೆ ಎಂದುಕೊಂಡು ಮೃದುವಾಗಿಯೇ ಕೇಳಿದರು, ನೀವು ಜ್ವರದವರೋ ಹಾರ್ಮೋನಿನವರೋ ಎಂದು. ನನಗೂ ಗೊತ್ತಾಗುತ್ತಿಲ್ಲ ಎಂದಳು. ನಿಮ್ಮ ದೊಡ್ಡ ಪ್ರಬಂಧದ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಅದು ತಪ್ಪು, ಮೇಷ್ಟ್ರೂ ನಾನೂ ಅದನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದಳು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಮ್ಮ ಹೆಸರಿದೆ, ಸಹಿ ಇದೆ. ಓದಲಿಲ್ಲವೇ?" ಎಂದರು ಅಧ್ಯಕ್ಷರು. ಓದಲಿಲ್ಲ ಎಂದಳು. "ಅದನ್ನು ತೆಗೆದರೆ ಉಳಿಯುವುದೇನಮ್ಮ?" ಅವಳು ಯೋಚಿಸಿದಳು. ಹಬ್ಬದೆ ಹೋದ ಜ್ವರಗಳು ಎಂದು ಹೇಳಬಹುದಿತ್ತು. ಏನೂ ಇಲ್ಲ ಎಂದು ಎದ್ದು ಬಂದಳು. ಕುರ್ಚಿ ಕೈತಪ್ಪಿತು ಎಂದು ಹೊರಗಿದ್ದ ಗುಮಾಸ್ತನಿಗೂ ತಿಳಿಯಿತು. ಅವಳಿಗೆ ಅದರ ಬಗ್ಗೆ ಅಳಬೇಕು ಎನಿಸಿತು, ಅಳಲು ಪುರಸೊತ್ತಿರಲಿಲ್ಲ. ಅಕ್ಕನಿಗೆ ಹೇಳುವುದು ಬಾಕಿ ಇತ್ತು.

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಅಂಗಳದ ತಂತಿಯ ಮೇಲಿನ ಬಟ್ಟೆಗಳ ಮೇಲಿತ್ತು. ಅಕ್ಕ ಒಂದೇ ಕೈಯಲ್ಲಿ ಬಟ್ಟೆ ತೆಗೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ತಂಗಿಯನ್ನು ನೋಡಿ, "ಏನೇ ಪುಟ್ಟಿ, ಇಷ್ಟು ಬೇಗ? ಕೊಟ್ರಾ ಕುರ್ಚಿ?" ಎಂದಳು.

"ಇಲ್ಲ. ಒಳಗೆ ಬಾ, ಒಂದು ಮಾತಿದೆ."

ಅಡುಗೆಮನೆಯ ಮೇಜಿನ ಎದುರುಬದುರು ಕೂತು ಜ್ವರದಮ್ಮ ಹೇಳಿದಳು. ಡಬ್ಬಿಗಳು, ಲಿಫ್ಟು, ಗೆರೆ, ಸಹಿ, ಏನನ್ನೂ ಮುಚ್ಚಿಡಲಿಲ್ಲ. ಅಕ್ಕ ಟವೆಲ್ಲುಗಳನ್ನು ಮಡಚುತ್ತಾ ಕೇಳಿಸಿಕೊಂಡಳು. ಕೈ ಸರಿಯಿಲ್ಲದ್ದರಿಂದ ಪ್ರತಿ ಮಡಿಕೆಯನ್ನೂ ಮೊಣಕೈಯಿಂದ ಒತ್ತಬೇಕಾಗಿತ್ತು.

"ಅಂದ್ರೆ ನಂಗೆ ಕಾಯಿಲೆ ಇರ್ಲಿಲ್ಲ ಅಂತೀಯ?"

"ಗೊತ್ತಿಲ್ಲ ಅಕ್ಕ. ಇದ್ದಿರಬಹುದು, ಇಲ್ದೇನೂ ಇರಬಹುದು. ಈಗ ಯಾರಿಗೂ ಹೇಳಕ್ಕಾಗಲ್ವಂತೆ. ಅದೇ ನಂಗೆ ತಲೆ ಕೆಟ್ಟುಹೋಗಿರೋದು. ತಪ್ಪು ಮಾಡಿದೀನಿ ಅಂತ ಕಾಲು ಹಿಡಿಯೋಣ ಅಂದ್ರೂ, ಎಷ್ಟು ತಪ್ಪು ಮಾಡಿದೀನಿ ಅಂತಾನೇ ಗೊತ್ತಿಲ್ಲ. ಬೈದುಬಿಡು ಅಕ್ಕ, ಬಾಯಿಗೆ ಬಂದ ಹಾಗೆ ಬೈದುಬಿಡು."

ಅಕ್ಕ ಬೈಯಲಿಲ್ಲ. ಮಡಚಿದ ಟವೆಲ್ಲುಗಳನ್ನು ಒಂದರ ಮೇಲೊಂದು ಇಟ್ಟಳು. ಊದಿದ ಮುಖದಲ್ಲಿ ಸಿಟ್ಟಿದೆಯೋ ನಗುವಿದೆಯೋ ತಂಗಿಗೆ ಕಾಣಿಸಲಿಲ್ಲ. ಆ ಮುಖದಲ್ಲಿ ಏನನ್ನು ಓದುವುದೂ ಈಚೆಗೆ ಕಷ್ಟವಾಗಿತ್ತು.

"ಯಾರಿಗೂ ಗೊತ್ತಿಲ್ಲ ಅಂತ ಯಾಕೆ ಅಂತೀಯ? ನಂಗೆ ಗೊತ್ತಿತ್ತಲ್ಲ," ಎಂದಳು ಅಕ್ಕ. "ಅಪ್ಪ ಹೋದ್ಮೇಲೆ ನಂಗೆ ಸುಸ್ತಾಗಿತ್ತು ಪುಟ್ಟಿ. ತುಂಬಾ ಸುಸ್ತಾಗಿದೆ, ಒಂದೆರಡು ದಿನ ಮನೇಲಿರ್ತೀಯಾ ಅಂತ ನಿನ್ನ ಕೇಳ್ದೆ. ನೀನು ನನ್ನ ರಕ್ತ ತಗೊಂಡು ಹೋದೆ."